ನೆತ್ತರ ಜಾಡು ಮತ್ತು ಗುಂಡಿನ ಆಯ್ಕೆ

ಜಿಂಕೆ ಬೇಟೆಗೆ ಯಾವ ಗುಂಡು ಒಳ್ಳೆಯದು ಎಂಬ ಚರ್ಚೆ ಹೆಚ್ಚಾಗಿ ಅದು ಪ್ರಾಣಿಯನ್ನು ಎಷ್ಟು ಬೇಗ ಕೆಡವುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಸುತ್ತುತ್ತದೆ. ಆದರೆ ಈಡು ತಿಂದ ಜಿಂಕೆ ನೂರು ಗಜ ಓಡಿ ಪೊದೆಯೊಳಗೆ ಸತ್ತುಬಿದ್ದು, ಬೇಟೆಗಾರನ ಕೈಗೆ ಸಿಗದೆ ಕೊಳೆತುಹೋದರೆ, ಆ ಗುಂಡು ಎಷ್ಟೇ ಮಾರಕವಾಗಿದ್ದರೂ ಒಂದು ಜೀವ ವ್ಯರ್ಥವಾಯಿತೆಂದೇ ಲೆಕ್ಕ. ಆದ್ದರಿಂದ ಗುಂಡನ್ನು ಆರಿಸುವಾಗ ಅದು ಕೊಲ್ಲುವ ಬಗೆಯನ್ನಷ್ಟೇ ಅಲ್ಲದೆ, ನೆಲದ ಮೇಲೆ ಅದು ಬಿಟ್ಟುಹೋಗುವ ನೆತ್ತರ ಜಾಡನ್ನೂ, ಅಂದರೆ ಗಾಯಗೊಂಡ ಪ್ರಾಣಿ ಓಡಿದ ದಾರಿಯುದ್ದಕ್ಕೂ ಬೀಳುವ ರಕ್ತದ ಗುರುತುಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಆಧಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ ಈ ಲೇಖಕನ ಹಲವು ವರ್ಷಗಳ ಅನುಭವ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಆರಂಭವಾಗಿ 9 ದಿನ ನಡೆಯುವ ಕೋವಿ ಬೇಟೆಯ ಋತುವಿನಲ್ಲಿ ಪರವಾನಗಿ ಪಡೆದವರು ಬಿಳಿಬಾಲದ ಜಿಂಕೆಯನ್ನು ಹೊಡೆಯಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ನಿಷೇಧಿಸಿರುವುದರಿಂದ, ಇಲ್ಲಿನ ಮಾತು ಆ ನೆಲಕ್ಕೆ, ಆ ಕಾನೂನಿನ ಚೌಕಟ್ಟಿಗೆ ಮಾತ್ರ ಅನ್ವಯಿಸುತ್ತದೆ.

ತೋಟಾದ ತುದಿಯಲ್ಲಿ ಕೂತು, ಮದ್ದು ಉರಿದಾಗ ನಳಿಗೆಯಿಂದ ಹೊರಡುವ ಲೋಹದ ತುಂಡಿಗೆ ಮಾತ್ರ ಇಲ್ಲಿ ಗುಂಡು ಎಂದು ಹೆಸರು. ಅದರ ತೂಕವನ್ನು ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಹೇಳುವ ರೂಢಿ ಇಂದಿಗೂ ಉಳಿದಿದ್ದು, 7,000 ಗ್ರೇನ್ ಒಂದು ಪೌಂಡಿಗೆ ಸಮವಾಗುವುದರಿಂದ ಜಿಂಕೆಗೆ ಸಾಮಾನ್ಯವಾಗಿ ಬಳಸುವ 150 ಗ್ರೇನ್ ಗುಂಡು ಹತ್ತು ಗ್ರಾಂಗಿಂತ ತುಸು ಕಡಿಮೆಯೇ ತೂಗುತ್ತದೆ. ಹೆಚ್ಚಿನ ಬೇಟೆ ಗುಂಡುಗಳಲ್ಲಿ ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ತೆಳು ಕವಚ, ಮೊನೆಯಲ್ಲಿ ಒಂದಿಷ್ಟು ಬರಿಯ ಸೀಸ ಇರುತ್ತದೆ. ಮೈಗೆ ತಾಗಿದೊಡನೆ ಆ ಮೊನೆ ಅಣಬೆಯ ಹಾಗೆ ಅರಳಿ, ತನ್ನ ಮೂಲ ಅಗಲಕ್ಕಿಂತ ದೊಡ್ಡ ದಾರಿ ಕೊರೆಯುತ್ತದೆ. ಮೊನೆಯನ್ನೂ ಬಿಡದೆ ಮುಚ್ಚಿದ ಪೂರ್ತಿ ಕವಚದ ಗುಂಡು ಅರಳುವುದಿಲ್ಲ, ಸಣ್ಣ ತೂತು ಮಾಡಿ ಆಚೆ ಹೊರಟುಹೋಗುತ್ತದೆ. ಕೊಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾದ ಅರಳುವ ಗುಂಡು ಆ ಊರಿನ ಹೆಸರನ್ನು ಜಗತ್ತಿಗೆಲ್ಲ ಹರಡಿತಲ್ಲದೆ, 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಬೇಟೆಯ ನ್ಯಾಯ ಇದಕ್ಕೆ ತದ್ವಿರುದ್ಧ: ಅರಳದ ಗುಂಡು ತಾಗಿದ ಪ್ರಾಣಿ ಬಹಳ ಹೊತ್ತು ನರಳುತ್ತ ದೂರ ಹೋಗಿಬಿಡುವುದರಿಂದ, ಅಮೆರಿಕದ ಅನೇಕ ರಾಜ್ಯಗಳು ಜಿಂಕೆಗೆ ಅರಳುವ ಗುಂಡನ್ನೇ ಕಡ್ಡಾಯ ಮಾಡಿವೆ.

ಆದರೆ ಅರಳುವುದರಲ್ಲೂ ಹದವಿದೆ. ಬೇಗನೆ, ಅತಿಯಾಗಿ ಅರಳಿದ ಗುಂಡು ಒಳಗೇ ಚೂರುಚೂರಾಗುತ್ತದೆ, ಗಟ್ಟಿಯಾಗಿ ಕಟ್ಟಿದ ಗುಂಡು ಕಡಿಮೆ ಅರಳಿ ಆಚೆ ಪಕ್ಕದಿಂದ ಹೊರಬೀಳುತ್ತದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರ, ಕೆಸರು ಮೆತ್ತಿ ಒಣಗಿದ ಮೈಯ ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಯೊಂದಕ್ಕೆ ಈಡಿನ ಮೇಲೆ ಈಡು ಹೊಡೆದರೂ ಗುಂಡುಗಳು ಆಳಕ್ಕಿಳಿಯದೆ ಚದುರಿದ್ದನ್ನು ಕಂಡು, ಮುಂಭಾಗ ಅರಳಿದರೂ ಹಿಂಭಾಗ ಉಳಿಯುವಂತೆ ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡನ್ನು ರೂಪಿಸಿ 1948ರಲ್ಲಿ ಮಾರಾಟಕ್ಕೆ ತಂದನು. ಸೀಸವನ್ನೇ ಬಿಟ್ಟು ಪೂರ್ತಿ ತಾಮ್ರದಲ್ಲೇ ಮಾಡಿದ ಗುಂಡುಗಳು 1980ರ ದಶಕದಲ್ಲಿ ಬಂದವು. ಇವೆಲ್ಲ ಆಳಕ್ಕಿಳಿಯುವ ಚಿಂತೆಯಿಂದ ಹುಟ್ಟಿದವುಗಳಾದರೂ ಜಾಡು ಹಿಡಿಯುವವನಿಗೆ ಇವುಗಳಿಂದ ಇನ್ನೊಂದು ಲಾಭ ಸಿಕ್ಕಿತು. ಎದೆಯ ಗೂಡಿನ ಒಂದೇ ಪಕ್ಕದಲ್ಲಿ ತೂತಿದ್ದರೆ ರಕ್ತ ಗೂಡಿನೊಳಗೇ ತುಂಬಿಕೊಳ್ಳುತ್ತದೆ, ಎರಡೂ ಪಕ್ಕದಲ್ಲಿದ್ದರೆ ನೆಲಕ್ಕೆ ಸುರಿಯುತ್ತದೆ.

ಈ ಮಾತಿಗೆ ಎದುರಾಗಿ ನಿಲ್ಲುವ ಅಧ್ಯಯನವೊಂದಿದ್ದು, ಅದನ್ನು ಮುಚ್ಚಿಡುವುದು ಸರಿಯಲ್ಲ. 1990ರ ದಶಕದಲ್ಲಿ ದಕ್ಷಿಣ ಕ್ಯಾರೊಲಿನಾದ ಬೇಟೆ ಕ್ಲಬ್ಬೊಂದರ ಜಮೀನಿನಲ್ಲಿ ಈಡು ತಾಗಿದ 493 ಜಿಂಕೆಗಳ ದಾಖಲೆಯನ್ನು ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ಜಿಂಕೆಗಳು ನಿಂತಲ್ಲೇ ಬೀಳದೆ ಓಡಿದ್ದವು. ಕ್ಯಾಲಿಬರ್, ಅಂದರೆ ಗುಂಡಿನ ವ್ಯಾಸ, ಹೆಚ್ಚು ಕಡಿಮೆಯಾದ ಮಾತ್ರಕ್ಕೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮೆದುವಾದ, ಬೇಗ ಅರಳುವ ಗುಂಡು ತಾಗಿದ ಜಿಂಕೆಗಳು ಗಟ್ಟಿ ಗುಂಡು ತಾಗಿದವುಗಳಿಗಿಂತ ಕಡಿಮೆ ದೂರ ಓಡಿದ್ದವು. ಓಡದ ಜಿಂಕೆಗೆ ಜಾಡೇ ಬೇಕಿಲ್ಲವಾದ್ದರಿಂದ, ಅಲ್ಲಿನ ಬೇಟೆಗಾರರು ಮೆದು ಗುಂಡನ್ನೇ ಮೆಚ್ಚಿದ್ದು ಸಹಜ. ಈ ಲೇಖಕನೂ ಬಹುಕಾಲ ಅದೇ ದಾರಿ ಹಿಡಿದವನೇ. ಆ ನಂಬಿಕೆ ಕದಲಿದ್ದು ನವೆಂಬರಿನ ಒಂದು ಸಂಜೆ, ಮರದ ಮೇಲಿನ ಅಟ್ಟಣೆಯಿಂದ ಕೇವಲ ನಲವತ್ತು ಗಜ ದೂರದ ಗಂಡು ಜಿಂಕೆಯ ಭುಜಕ್ಕೆ ಹೊಡೆದಾಗ. ಸೆಕೆಂಡಿಗೆ ಸುಮಾರು 2,900 ಅಡಿ ವೇಗದಲ್ಲಿ ಹೊರಟ ಮೆದು ಗುಂಡು ಅಷ್ಟು ಹತ್ತಿರದಲ್ಲಿ, ಇನ್ನೂ ವೇಗ ಕಳೆದುಕೊಳ್ಳದೆ ಭುಜದ ಮೂಳೆಗೆ ಬಡಿದು, ಅಲ್ಲೇ ಸಿಡಿದು, ಆಚೆ ಪಕ್ಕ ತಲುಪಲೇ ಇಲ್ಲ. ಮೇಲಿನಿಂದ ಹೊಡೆದದ್ದರಿಂದ ಒಳಹೊಕ್ಕ ತೂತು ಬೆನ್ನಿನ ಹತ್ತಿರ, ಎತ್ತರದಲ್ಲಿತ್ತು. ಮೊದಲ ಅರವತ್ತು ಗಜದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮರುದಿನ ಬೆಳಗ್ಗೆ ಆಪು ಬೆಳೆದ ಜೌಗಿನಲ್ಲಿ ಸಿಕ್ಕ ಜಿಂಕೆ ಹೊಡೆದ ಜಾಗದಿಂದ ನೂರಮೂವತ್ತು ಹೆಜ್ಜೆಯಷ್ಟೇ ದೂರವಿತ್ತು. ಹಿಂದಿನ ಎರಡೂ ತೊಡೆಗಳನ್ನು ಅಷ್ಟರಲ್ಲಿ ಕಯೋಟಿಗಳು, ಅಂದರೆ ಅಲ್ಲಿನ ತೋಳದ ಜಾತಿಯ ಸಣ್ಣ ಪ್ರಾಣಿಗಳು, ತಿಂದು ಮುಗಿಸಿದ್ದವು.

ಹೀಗಾಗಿ ಎರಡು ಅನುಭವಗಳನ್ನೂ ಎದುರಿಟ್ಟುಕೊಂಡು ನೋಡಿದರೆ, ಕಣ್ಣಿಗೆ ಬಯಲು ಸಿಗುವ ಹೊಲಗದ್ದೆಗಳಲ್ಲಿ, ದೂರದ ಈಡಿಗೆ, ಮೆದು ಗುಂಡು ಒಪ್ಪುತ್ತದೆ. ಐವತ್ತು ಗಜ ಓಡಿದರೆ ಕಣ್ಮರೆಯಾಗುವ ಜೌಗು ಮತ್ತು ಪೊದೆಗಾಡಿನಲ್ಲಿ, ಹತ್ತಿರದ ಈಡಿಗೆ, ತುಂಡಾಗದೆ ಆಚೆ ಹೊರಬೀಳುವ ಗುಂಡೇ ಮೇಲು. ತಾಮ್ರದ ಗುಂಡಿಗೂ ಮಿತಿಯಿದೆ: ದೂರ ಹೋದಂತೆ ವೇಗ ಇಳಿದು ಸೆಕೆಂಡಿಗೆ 1,800 ಅಡಿಯ ಆಸುಪಾಸಿಗೆ ಬಂದರೆ ಅದು ಸರಿಯಾಗಿ ಅರಳುವುದಿಲ್ಲ. ಅಟ್ಟಣೆಯಿಂದ ಹೊಡೆಯುವವನಿಗೆ ಹೊರತೂತಿನ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಓರೆಯಾಗಿ ಕೆಳಗಿಳಿದ ಗುಂಡು ಎದೆಯ ತಳಭಾಗದಲ್ಲಿ ಹೊರಬಿದ್ದು, ತಳದಲ್ಲಿ ತೂತಾದ ಕೊಡದ ಹಾಗೆ ರಕ್ತ ಕೊನೆಯವರೆಗೂ ಸುರಿಯುತ್ತದೆ. ಒಳಹೊಕ್ಕ ತೂತನ್ನಾದರೆ ಚಳಿಗಾಲಕ್ಕೆಂದು ದಪ್ಪವಾಗಿ ಬೆಳೆದ ಕೊಬ್ಬೂ ಕೂದಲೂ ಸೇರಿ ಬಿರಡೆಯಂತೆ ಮುಚ್ಚಿಬಿಡುವುದುಂಟು.

ಕನ್ನಡ ಓದುಗರಿಗೆ ನೆತ್ತರ ಜಾಡಿನ ಪರಿಚಯ ಹೆಚ್ಚಾಗಿ ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳಿಂದ, ಅವುಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರಿಂದ ಬಂದದ್ದು. ಅಲ್ಲಿ ಜಾಡಿನ ಕೊನೆಗೆ ಗಾಯಗೊಂಡ ಹುಲಿ ಹೊಂಚು ಕೂತಿರುವ ಭಯವಿದೆ. ಜಿಂಕೆಯ ಜಾಡಿನಲ್ಲಿ ಆ ಭಯವಿಲ್ಲ, ಆದರೆ ತಾಳ್ಮೆ ಅಷ್ಟೇ ಬೇಕು, ಮತ್ತು ಅದು ಈಡು ಬಿದ್ದ ಜಾಗದಿಂದಲೇ ಆರಂಭವಾಗಬೇಕು. ಜಿಂಕೆ ನಿಂತಿದ್ದ ಸ್ಥಳವನ್ನು ಒಂದು ಮರದ ಗುರುತಿಟ್ಟು ನೆನಪಿಟ್ಟುಕೊಂಡು, ಅಟ್ಟಣೆಯಿಂದ ಇಳಿದು, ಮೊದಲು ಅಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕು. ಅಲ್ಲಿ ಬಿದ್ದ ಕೂದಲು ಮೊದಲ ಸಾಕ್ಷಿ: ಉದ್ದವಾಗಿ, ತುದಿ ಕಪ್ಪಾಗಿ, ಬುಡ ಕಂದುಬಣ್ಣವಿದ್ದರೆ ಗುಂಡು ಮೈಯ ಮೇಲ್ಭಾಗಕ್ಕೆ ತಾಗಿದೆ, ಬೆಳ್ಳಗಿನ ಒರಟು ಕೂದಲಿದ್ದರೆ ಹೊಟ್ಟೆಯ ಕೆಳಭಾಗವನ್ನು ಸವರಿಕೊಂಡು ಹೋಗಿದೆ. ರಕ್ತದ ಬಣ್ಣ ಎರಡನೆಯದು. ಎಳೆಗೆಂಪಾಗಿ, ಸಣ್ಣ ಸಣ್ಣ ಗುಳ್ಳೆಗಳ ನೊರೆಯಿಂದ ಕೂಡಿದ್ದರೆ ಅದು ಶ್ವಾಸಕೋಶದ್ದು, ಪ್ರಾಣಿ ದೂರ ಹೋಗಿರುವುದಿಲ್ಲ. ಕಡುಗೆಂಪಾಗಿ, ಕಾಕಂಬಿಯ ಬಣ್ಣಕ್ಕೆ ಹತ್ತಿರವಿದ್ದರೆ ಪಿತ್ತಜನಕಾಂಗದ್ದು. ನೀರುನೀರಾಗಿ, ಹಸಿರು ಬೆರೆತು, ಅರ್ಧ ಜಗಿದ ಮೆಕ್ಕೆಜೋಳದ ಚೂರುಗಳ ಜೊತೆ ಕೆಟ್ಟ ವಾಸನೆ ಬಂದರೆ ಗುಂಡು ಜಠರಕ್ಕೋ ಕರುಳಿಗೋ ಬಿದ್ದಿದೆ ಎಂದು ತಿಳಿಯಬೇಕು. ಹೊಡೆದ ಕ್ಷಣದಲ್ಲಿ ಜಿಂಕೆ ಹಿಂಗಾಲು ಝಾಡಿಸಿ ತಲೆ ತಗ್ಗಿಸಿ ಓಡಿತೋ, ಬೆನ್ನು ಗೂನು ಮಾಡಿಕೊಂಡು ನಿಧಾನ ನಡೆಯಿತೋ ಎಂಬುದೂ ಇದಕ್ಕೆ ಪೂರಕ. ಮೊದಲನೆಯದು ಬಹುಮಟ್ಟಿಗೆ ಎದೆಯ ಪೆಟ್ಟು, ಎರಡನೆಯದು ಹೊಟ್ಟೆಯ ಪೆಟ್ಟು.

ಈ ಓದಿನ ಫಲವೆಂದರೆ ಎಷ್ಟು ಹೊತ್ತು ಕಾಯಬೇಕೆಂಬ ತೀರ್ಮಾನ. ಶ್ವಾಸಕೋಶದ ಪೆಟ್ಟಿಗೆ ಅರ್ಧ ಗಂಟೆ, ಪಿತ್ತಜನಕಾಂಗಕ್ಕೆ ನಾಲ್ಕು ಗಂಟೆ, ಹೊಟ್ಟೆಗೆ ಎಂಟರಿಂದ ಹನ್ನೆರಡು ಗಂಟೆ ಬಿಡುವುದು ಅನುಭವಸ್ಥರ ವಾಡಿಕೆ. ಹೊಟ್ಟೆಗೆ ಪೆಟ್ಟು ಬಿದ್ದ ಜಿಂಕೆಯನ್ನು ಯಾರೂ ಅಟ್ಟದಿದ್ದರೆ ಅದು ಸಾಮಾನ್ಯವಾಗಿ ಹತ್ತಿರದಲ್ಲೇ ಮಲಗಿ ಅಲ್ಲೇ ಸಾಯುತ್ತದೆ, ಅವಸರಪಟ್ಟು ಎಬ್ಬಿಸಿದರೆ ಮೈಲಿಗಟ್ಟಲೆ ಹೋಗಿ ಕೈತಪ್ಪುತ್ತದೆ. ಬೆಚ್ಚಗಿನ ರಾತ್ರಿಯಲ್ಲಿ ಮಾಂಸ ಕೆಡುವ ಆತಂಕ, ಕಯೋಟಿಗಳ ಆತಂಕ ಎರಡೂ ನಿಜವೇ ಆದರೂ, ಕಾಯದೆ ಹೋಗಿ ಕಳೆದುಕೊಂಡ ಜಿಂಕೆಗಳೇ ಈ ಲೇಖಕನ ನೆನಪಿನಲ್ಲಿ ಹೆಚ್ಚು.

ಜಾಡು ಹಿಡಿಯುವಾಗ ಇಬ್ಬರಿದ್ದರೆ ಒಳ್ಳೆಯದು, ನಾಲ್ವರಿದ್ದರೆ ಗುರುತುಗಳೆಲ್ಲ ಕಾಲಡಿಯಲ್ಲಿ ಅಳಿಸಿಹೋಗುತ್ತವೆ. ಒಬ್ಬನು ಕೊನೆಯ ಹನಿಯ ಬಳಿ ಅಲುಗದೆ ನಿಲ್ಲಬೇಕು, ಇನ್ನೊಬ್ಬನು ಜಾಡಿನ ಮೇಲೆ ಕಾಲಿಡದೆ ಪಕ್ಕಕ್ಕೆ ಸರಿದು ಮುಂದಿನ ಹನಿಯನ್ನು ಹುಡುಕಬೇಕು. ಸಿಕ್ಕ ಹನಿಗಳ ಮೇಲೆಲ್ಲ ಟಾಯ್ಲೆಟ್ ಪೇಪರಿನ ಚೂರುಗಳನ್ನು ಸಿಕ್ಕಿಸುತ್ತ ಹೋದರೆ, ಹಿಂದಿರುಗಿ ನೋಡಿದಾಗ ಬಿಳಿಯ ಸಾಲೊಂದು ಜಿಂಕೆ ಯಾವ ದಿಕ್ಕಿಗೆ ತಿರುಗುತ್ತಿದೆಯೆಂದು ತೋರಿಸಿಕೊಡುತ್ತದೆ. ಆ ಕಾಡುಗಳಲ್ಲಿ ಕೆಂಪು ಮೇಪಲ್ ಮರದ ಉದುರಿದೆಲೆಗಳು ದೊಡ್ಡ ತೊಡಕು. ಹಳದಿ ಎಲೆಯ ಮೇಲೆ ಕೆಂಪು ಚುಕ್ಕೆ ಮೂಡಿದ್ದರೆ, ಟಾರ್ಚಿನ ಬೆಳಕಿನಲ್ಲಿ ಅದು ಒಣಗಿದ ರಕ್ತದ ಹನಿಯಲ್ಲವೆಂದು ಯಾವ ಕಣ್ಣೂ ಪ್ರಮಾಣ ಮಾಡಲಾರದು. ಔಷಧದ ಅಂಗಡಿಯಲ್ಲಿ ಸಿಗುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಸಣ್ಣ ಪಿಚಕಾರಿ ಬಾಟಲಿಯಲ್ಲಿ ತುಂಬಿಕೊಂಡು ಅಂಥ ಎಲೆಗೆ ಸಿಂಪಡಿಸಿದರೆ ಸಂದೇಹ ತೀರುತ್ತದೆ: ಎಲೆಯದೇ ಬಣ್ಣವಾದರೆ ನೀರು ಸುಮ್ಮನೆ ಜಾರುತ್ತದೆ, ರಕ್ತವಾದರೆ ಅದರಲ್ಲಿರುವ ಕಿಣ್ವವು ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಹೊರಡಿಸುವುದರಿಂದ ಚುಕ್ಕೆ ಬಿಳಿ ನೊರೆಯಾಗಿ ಉಬ್ಬುತ್ತದೆ. ಹನಿಗಳು ನೆಲದಲ್ಲಿ ನಿಂತುಹೋದರೆ, ಮೊಣಕಾಲೆತ್ತರದ ಹುಲ್ಲಿನ ಪಕ್ಕಗಳಲ್ಲಿ, ಜಿಂಕೆಯ ಮೈ ಸವರಿರಬಹುದಾದ ಕಡ್ಡಿಗಳಲ್ಲಿ ನೋಡಬೇಕು.

ಕಣ್ಣಿಗೆ ಕಾಣದ ಜಾಡನ್ನು ನಾಯಿ ಕಾಣುತ್ತದೆ. ಜರ್ಮನಿಯ ಬೇಟೆಗಾರರು ಗಾಯಗೊಂಡ ಪ್ರಾಣಿಯ ರಕ್ತವನ್ನು ರಕ್ತವೆನ್ನದೆ ‘ಶ್ವೈಸ್’, ಅಂದರೆ ಬೆವರು, ಎಂದೇ ಕರೆಯುತ್ತಾರೆ; ಅದರ ಜಾಡು ಹಿಡಿಯಲೆಂದೇ ಪೀಳಿಗೆಗಳಿಂದ ತಳಿ ಬೆಳೆಸಿದ ಅವರ ನಾಯಿಗಳೂ, ಒರಟು ಕೂದಲಿನ ಡ್ಯಾಷ್‌ಹಂಡುಗಳೂ ಈಗ ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಗ್ಗ ಹಿಡಿದ ಒಡೆಯನ ಮುಂದೆ ಮೂಸುತ್ತ ನಡೆಯುತ್ತಿವೆ. ನಾಯಿಯನ್ನು ಕರೆಸುವುದಾದರೆ ಅದು ಬರುವ ಮುಂಚೆ ಕಾಡನ್ನೆಲ್ಲ ತುಳಿದಾಡದಿರುವುದೇ ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಸೀಸದ ವಿಷಯದಲ್ಲಿ ಇನ್ನೊಂದು ಮಾತು ಸೇರಬೇಕು. ಚೂರಾದ ಗುಂಡಿನ ಧೂಳಿನಂಥ ಕಣಗಳು ಗಾಯದಿಂದ ಬಹು ದೂರದ ಮಾಂಸದವರೆಗೂ ಹರಡಿರುವುದನ್ನು ಎಕ್ಸ್‌ರೇ ಚಿತ್ರಗಳು ತೋರಿಸಿವೆ. ಕಾಡಿನಲ್ಲಿ ಬಿಟ್ಟುಬಂದ ಕರುಳಿನ ರಾಶಿಯನ್ನೋ, ಸಿಗದೆ ಉಳಿದ ಜಿಂಕೆಯನ್ನೋ ತಿಂದ ಹದ್ದುಗಳಿಗೂ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳಿಗೂ ಆ ಸೀಸ ವಿಷವಾಗುತ್ತದೆ; ಈ ಕಾರಣಕ್ಕಾಗಿಯೇ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳನ್ನು ಪೂರ್ತಿ ನಿಷೇಧಿಸಿತು. ಮನೆಯ ಮಕ್ಕಳಿಗೆ ಬಡಿಸುವ ಮಾಂಸವೆಂಬ ಯೋಚನೆಯೊಂದೇ ತಾಮ್ರದ ಗುಂಡಿನ ಹೆಚ್ಚಿನ ಬೆಲೆಯನ್ನು ಸಮರ್ಥಿಸಲು ಸಾಕು ಎಂಬುದು ಈ ಲೇಖಕನ ದೃಢವಾದ ನಿಲುವು.

ಜಿಂಕೆ ಸಿಕ್ಕಿದಾಗ ಬೆನ್ನ ಹಿಂದಿನಿಂದ ಬಳಿಸಾರಿ, ಉದ್ದನೆಯ ಕಡ್ಡಿಯಿಂದ ತೆರೆದ ಕಣ್ಣನ್ನು ಮುಟ್ಟಿ, ರೆಪ್ಪೆ ಅಲುಗದಿದ್ದರೆ ಮಾತ್ರ ಕೋವಿಯ ತೋಟಾ ಹೊರತೆಗೆಯಬೇಕು. ಆಮೇಲೆ ಒಡಲು ಸೀಳಿ ಒಳಾಂಗಗಳನ್ನು ತೆಗೆಯುವಾಗ ಗುಂಡು ಹೊಕ್ಕ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿ, ಯಾವ ಪಕ್ಕೆಲುಬಿನ ನಡುವೆ ಹೊಕ್ಕಿತು, ಯಾವುದನ್ನು ಹರಿಯಿತು, ಎಲ್ಲಿ ಹೊರಬಿತ್ತು ಅಥವಾ ಎಲ್ಲಿ ನಿಂತಿತು ಎಂಬುದನ್ನು ನೋಡಿ, ಮೊದಲ ಹನಿ ಬಿದ್ದ ದೂರ ಮತ್ತು ಒಟ್ಟು ಓಡಿದ ದೂರಗಳ ಪಕ್ಕದಲ್ಲಿ ಬರೆದಿಡುವ ಒಂದು ಸಣ್ಣ ಪುಸ್ತಕ, ಆ ಜೌಗಿನ ಬೆಳಗಿನಿಂದ ಈಚೆಗೆ, ಈ ಲೇಖಕನ ಜೇಬಿನಲ್ಲಿ ಪೆರಾಕ್ಸೈಡ್ ಬಾಟಲಿಯ ಜೊತೆಗಿರುತ್ತದೆ.