ಕೆಂಚನ ಮಧುಮೇಹ

ನಮ್ಮ ಶಾಲೆಯ ಹಿಂಬದಿಯ ಜಗಲಿಯಲ್ಲಿ ಹಲವು ವರ್ಷ ಮನೆಮಾಡಿಕೊಂಡಿದ್ದ ಕೆಂಚನನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮಧ್ಯಾಹ್ನದ ಗಂಟೆ ಬಾರಿಸುವುದಕ್ಕೆ ಐದು ನಿಮಿಷ ಮೊದಲೇ ಎದ್ದು ಕುಳಿತು, ಯಾರ ಬುತ್ತಿಯ ಮುಚ್ಚಳ ಮೊದಲು ತೆರೆಯುವುದೋ ಅವರ ಪಕ್ಕಕ್ಕೆ ಸರಿಯುತ್ತಿದ್ದ ಆ ಕೆಂಬಣ್ಣದ ಗಂಡುಬೆಕ್ಕಿಗೆ ಮೊಸರನ್ನ, ಇಡ್ಲಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಹಬ್ಬದ ಮರುದಿನವಾದರೆ ಮೈಸೂರುಪಾಕಿನ ಚೂರು ಕೂಡ ಸಲ್ಲುತ್ತಿತ್ತು. (ಬೆಕ್ಕಿನ ನಾಲಗೆಗೆ ಸಿಹಿ ತಿಳಿಯದೆಂಬುದು ನಿಮಗೆ ಗೊತ್ತೇ? ಸಿಹಿಯನ್ನು ಗುರುತಿಸುವ ಅಂಶವೇ ಆ ಜಾತಿಯಲ್ಲಿ ಕೆಟ್ಟುಹೋಗಿದೆ. ಮೈಸೂರುಪಾಕಿನಲ್ಲಿ ಕೆಂಚನಿಗೆ ಬೇಕಾಗಿದ್ದುದು ತುಪ್ಪ.) ಹೀಗೆ ತಿಂದು, ಮಲಗಿ, ಅವನು ಏಳು ಕಿಲೋ ತೂಗುವಷ್ಟು ಬೆಳೆದಿದ್ದನು. ನಾವೆಲ್ಲರೂ ಅದನ್ನು ಆರೋಗ್ಯವೆಂದೇ ತಿಳಿದಿದ್ದೆವು.

೨೦೨೩ರ ಜೂನ್ ತಿಂಗಳಲ್ಲಿ, ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ, ಕೆಂಚನ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ತಿನ್ನುವುದು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಕೈತೊಳೆಯುವ ನಲ್ಲಿಯ ಕೆಳಗೆ ಕುಳಿತು ತೊಟ್ಟಿಕ್ಕುವ ನೀರನ್ನು ಬಹಳ ಹೊತ್ತು ನೆಕ್ಕುತ್ತಿದ್ದನು. ಹಿಂಗಾಲುಗಳನ್ನು ಬೆರಳ ಮೇಲೆ ಊರದೆ, ಹಿಮ್ಮಡಿಯವರೆಗೂ ನೆಲಕ್ಕೆ ತಾಗಿಸಿ ಮೊಲದಂತೆ ನಡೆಯುತ್ತಿದ್ದನು. ಇವೆಲ್ಲಕ್ಕಿಂತ ವಿಚಿತ್ರವಾದುದನ್ನು ಕಂಡವಳು ಏಳನೆಯ ತರಗತಿಯ ಒಬ್ಬ ಹುಡುಗಿ: "ಮೇಷ್ಟ್ರೇ, ಕೆಂಚ ಉಚ್ಚೆ ಹೊಯ್ದ ಮರಳಿಗೆ ಇರುವೆ ಮುತ್ತಿದೆ."

ಆ ಮಾತಿನಲ್ಲಿ ರೋಗದ ಹೆಸರೇ ಇತ್ತು. ನಮ್ಮ ಪ್ರಾಚೀನ ವೈದ್ಯರು ಮಧುಮೇಹವನ್ನು ಗುರುತಿಸಿದ್ದೂ ಹೀಗೆಯೇ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವ ಸಂಗತಿ ಚರಕಸಂಹಿತೆಯಲ್ಲಿ ಉಕ್ತವಾಗಿದೆ. ಆದರೆ ಬೆಕ್ಕಿಗೂ ಈ ಕಾಯಿಲೆ ಬರುವುದೆಂದು ನನಗೆ ತಿಳಿದಿರಲಿಲ್ಲ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳೆದವನು ನಾನು. ಅಲ್ಲಿ ಬೆಕ್ಕೆಂದರೆ ಇಲಿ ಹಿಡಿಯುವುದಕ್ಕಾಗಿ ಇರತಕ್ಕದ್ದು. ಅದಕ್ಕೆ ವೈದ್ಯರನ್ನು ಹುಡುಕಿಕೊಂಡು ಹೋದವನನ್ನು ಊರವರು ವರ್ಷವಿಡೀ ಹಾಸ್ಯಮಾಡಿಯಾರು.

ಆದರೆ ಚೆನ್ನೈಯಲ್ಲಿರುವ ನಮಗೆ ಒಂದು ಅನುಕೂಲವುಂಟು. ವೇಪೇರಿಯಲ್ಲಿರುವ ಮದ್ರಾಸು ಪಶುವೈದ್ಯ ಕಾಲೇಜು ೧೯೦೩ರಲ್ಲಿ ಆರಂಭವಾದುದು. ೧೯೮೯ರಲ್ಲಿ ಸ್ಥಾಪಿತವಾದ ತಮಿಳುನಾಡು ಪಶುವೈದ್ಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾಲಯಕ್ಕೆ ಈಗ ಸೇರಿದೆ. ಅದರ ಆಸ್ಪತ್ರೆಗೆ ದನ, ನಾಯಿ, ಬೆಕ್ಕು, ಗಿಳಿ, ಎಲ್ಲವೂ ಬರುತ್ತವೆ. ಬಟ್ಟೆಯ ಚೀಲದೊಳಗೆ ಕೂಗುತ್ತಿದ್ದ ಕೆಂಚನನ್ನು ಆಟೋರಿಕ್ಷಾದಲ್ಲಿ ಎಳುಂಬೂರಿನ ಮಾರ್ಗವಾಗಿ ಅಲ್ಲಿಗೆ ಕೊಂಡೊಯ್ದೆನು. ಅವನ ರಕ್ತದಲ್ಲಿ ಗ್ಲೂಕೋಸ್ ೪೧೨ ಮಿಲಿಗ್ರಾಂ ಇತ್ತು. ಅಷ್ಟರಿಂದಲೇ ವೈದ್ಯರು ತೀರ್ಮಾನಕ್ಕೆ ಬರಲಿಲ್ಲ. ಬೆಕ್ಕು ಹೆದರಿದಾಗ ಅದರ ರಕ್ತದ ಸಕ್ಕರೆ ಕ್ಷಣದಲ್ಲಿ ಏರುವುದುಂಟು. ಚೀಲದಲ್ಲಿ ಬಂದ ಬೆಕ್ಕು ಹೆದರದೆ ಇರುವುದೇ? ಆದಕಾರಣ ಕಳೆದ ಒಂದೆರಡು ವಾರಗಳ ಸರಾಸರಿಯನ್ನು ಹೇಳಬಲ್ಲ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯನ್ನೂ, ಮೂತ್ರದ ಪರೀಕ್ಷೆಯನ್ನೂ ಮಾಡಿಸಿದರು. ಎರಡೂ ಮಧುಮೇಹವನ್ನೇ ಹೇಳಿದವು.

ನಾವು ಉಂಡ ಅನ್ನವು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದು ಸ್ನಾಯು ಮೊದಲಾದ ಭಾಗಗಳ ಜೀವಕೋಶಗಳೊಳಗೆ ಹೋಗಲು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್‌ಸುಲಿನ್ ಬೇಕು. ಅದಿಲ್ಲವಾದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳು ಉಪವಾಸವೇ. ಕೆಂಚನು ತಿಂದೂ ಸೊರಗಿದ್ದು ಇದರಿಂದ. ತುಳುಕಿದ ಸಕ್ಕರೆ ಮೂತ್ರಕ್ಕೆ ಇಳಿಯುವಾಗ ನೀರನ್ನೂ ಸೆಳೆದುಕೊಂಡು ಹೋಗುತ್ತದೆ, ಅದರಿಂದ ಬಾಯಾರಿಕೆ. ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬವರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. ೧೯೨೧ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ರಸವನ್ನು ಬೇರ್ಪಡಿಸಿ, ಅದನ್ನೂ ನಾಯಿಗಳ ಮೇಲೆಯೇ ಪರೀಕ್ಷಿಸಿದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನು ಇನ್‌ಸುಲಿನ್ ಪಡೆದ ಮೊದಲ ರೋಗಿಯಾದನು. ಅಲ್ಲಿಂದ ಮುಂದೆ ಅನೇಕ ದಶಕಗಳವರೆಗೆ ಮನುಷ್ಯರು ದನ ಮತ್ತು ಹಂದಿಗಳ ಇನ್‌ಸುಲಿನ್ನಿನಿಂದಲೇ ಬದುಕಿದರು. ಪ್ರಾಣಿಗಳಿಂದ ನಮಗೆ ಬಂದ ಔಷಧ ಈಗ ನಮ್ಮ ಕಾರ್ಖಾನೆಗಳಿಂದ ಪ್ರಾಣಿಗೆ ಹೋಗುತ್ತಿದೆ: ಕೆಂಚನಿಗೆ ಬರೆದುಕೊಟ್ಟದ್ದು ಮನುಷ್ಯರಿಗಾಗಿ ತಯಾರಾದ ಗ್ಲಾರ್ಜಿನ್ ಎಂಬ ಇನ್‌ಸುಲಿನ್, ಹನ್ನೆರಡು ಗಂಟೆಗೊಮ್ಮೆ ಒಂದು ಯೂನಿಟ್.

ಇಷ್ಟೇ ಆಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲವೋ ಏನೋ. ಆರಂಭದಲ್ಲೇ ಚಿಕಿತ್ಸೆ ದೊರೆತ ಎಷ್ಟೋ ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್‌ಸುಲಿನ್ ಬೇಡವಾಗುವುದೂ ಉಂಟಂತೆ. ಆದರೆ ಅದೇ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷವೂ ಹೆಚ್ಚಾಗಿತ್ತು. ಎಂದರೆ ಮೂತ್ರಪಿಂಡಗಳ ಬಹುಭಾಗ ಆಗಲೇ ಕೆಟ್ಟಿತ್ತು. ಬಾಯಿ ತೆರೆದು ನೋಡಿದರೆ ಒಸಡುಗಳು ಕೆಂಪೇರಿ, ಎರಡು ಹಲ್ಲುಗಳ ಬುಡದಲ್ಲಿ ಕೀವು. ಮೂರು ರೋಗಗಳು, ಒಂದು ಸಣ್ಣ ದೇಹ.

ಬಾಯಾರಿಕೆಯು ಮಧುಮೇಹದ ಲಕ್ಷಣವೂ ಹೌದು, ಮೂತ್ರಪಿಂಡದ ರೋಗದ ಲಕ್ಷಣವೂ ಹೌದು. ಬೆಕ್ಕಿನ ಪೂರ್ವಿಕರು ಒಣನಾಡಿನ ಕಾಡುಬೆಕ್ಕುಗಳು. ಬೇಟೆಯ ಮಾಂಸದಲ್ಲಿರುವ ನೀರಿನಿಂದಲೇ ಬಹುಮಟ್ಟಿಗೆ ಬಾಳಬಲ್ಲವು. ಆದುದರಿಂದ ಸದಾ ನೀರಿನ ಬಳಿ ಕುಳಿತಿರುವ ಬೆಕ್ಕನ್ನು ಕಂಡರೆ "ಪಾಪ, ಸೆಕೆ" ಎಂದು ಸುಮ್ಮನಾಗಬೇಡಿ, ಹಿರಿಯರಿಗೆ ತಿಳಿಸಿರಿ.

ಇನ್ನು ಆಹಾರದ ವಿಚಾರ. ಇಲ್ಲಿಯೇ ಎಲ್ಲಕ್ಕಿಂತ ಹೆಚ್ಚಿನ ತೊಡಕು. ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಅದರ ಯಕೃತ್ತು ಸಸಾರಜನಕದಿಂದಲೇ ಗ್ಲೂಕೋಸನ್ನು ಮಾಡಿಕೊಳ್ಳುತ್ತದೆ. ಅನ್ನ, ಇಡ್ಲಿಗಳ ಪಿಷ್ಟವನ್ನು ಒಮ್ಮೆಗೇ ನಿರ್ವಹಿಸುವ ಶಕ್ತಿ ಅದಕ್ಕೆ ಸಾಲದು. ಮಧುಮೇಹವುಳ್ಳ ಬೆಕ್ಕಿಗೆ ಪಿಷ್ಟ ಕಡಿಮೆಯಾಗಿ ಮಾಂಸ ಹೆಚ್ಚಾಗಿರಬೇಕು. ಮೂತ್ರಪಿಂಡ ಕೆಟ್ಟ ಬೆಕ್ಕಿಗಾದರೋ ಸಸಾರಜನಕವೂ ರಂಜಕವೂ ಮಿತವಾಗಿರಬೇಕು. ಮಾಂಸದಲ್ಲಿ, ಅದರಲ್ಲಿಯೂ ಮುಳ್ಳುಸಹಿತವಾದ ಸಣ್ಣ ಮೀನಿನಲ್ಲಿ, ಇರುವುದು ಅವೇ. ಒಂದು ರೋಗದ ಪಥ್ಯ ಇನ್ನೊಂದರ ಅಪಥ್ಯ! ಯಾವುದಕ್ಕೆ ಮಣಿಯಬೇಕು? ವೈದ್ಯರು ಹೀಗೆ ವಿವರಿಸಿದರು: ಸಕ್ಕರೆ ಏರಿದರೆ ಇಳಿಸಲು ಇನ್‌ಸುಲಿನ್ ಇದೆ, ಹಾಳಾದ ಮೂತ್ರಪಿಂಡವನ್ನು ಮರಳಿ ಕಟ್ಟುವ ಔಷಧವಿಲ್ಲ. ಆದಕಾರಣ ಊಟವನ್ನು ಮೂತ್ರಪಿಂಡಕ್ಕೆ ಹೊಂದಿಸೋಣ, ಸಕ್ಕರೆಯನ್ನು ಸೂಜಿಯಿಂದ ಹಿಡಿಯೋಣ. ಅದಕ್ಕಿಂತಲೂ ಮುಖ್ಯವಾದುದು, ಅವನು ಏನನ್ನಾದರೂ ತಿನ್ನುತ್ತಿರಬೇಕು. ಮೈತುಂಬಿಕೊಂಡಿದ್ದ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ನಾಲ್ಕನೆಯ ರೋಗವಾದೀತು. ಏಕಾದಶಿ ಬೆಕ್ಕಿಗೆ ಹೇಳಿದ್ದಲ್ಲ.

ಸೂಜಿಮದ್ದು ದಿನಕ್ಕೆ ಎರಡು ಸಲವಾದುದರಿಂದ ಕೆಂಚನನ್ನು ಮಾಂಬಲದ ನನ್ನ ಬಾಡಿಗೆಮನೆಗೆ ಕರೆತಂದೆನು. ಮನೆಯ ಒಡೆಯರು ಸಸ್ಯಾಹಾರಿಗಳಿಗಷ್ಟೇ ಮನೆ ಕೊಡುವವರು. ಬೆಕ್ಕಿನ ಆಹಾರದ ಪೊಟ್ಟಣವನ್ನು ತಾರಸಿಯಲ್ಲಿಯೇ ತೆರೆದು, ತಟ್ಟೆಯನ್ನು ಅಲ್ಲಿಯೇ ತೊಳೆದಿಡುವ ಷರತ್ತಿನ ಮೇಲೆ ಅವರು ಒಪ್ಪಿದರು, ಒಂದು ತಿಂಗಳಾದ ಮೇಲೆ ತಾವೇ "ಪೂನೈ ತಿಂದಿತೇ?" ಎಂದು ಮೆಟ್ಟಿಲಿನಿಂದ ವಿಚಾರಿಸತೊಡಗಿದರು.

ಹಲ್ಲಿನ ವಿಷಯಕ್ಕೆ ಬರೋಣ. ಒಸಡಿನ ಊತವನ್ನು ಇಳಿಸಲು ಸ್ಟೀರಾಯ್ಡ್ ಚುಚ್ಚುಮದ್ದು ಸುಲಭದ ದಾರಿ. ಆದರೆ ಅದು ಸಕ್ಕರೆಯನ್ನು ಏರಿಸುತ್ತದೆ. ಊತವನ್ನು ಹಾಗೆಯೇ ಬಿಟ್ಟರೆ ಇನ್‌ಸುಲಿನ್ ನಾಟುವುದಿಲ್ಲ. ಕೆಂಚನಿಗೆ ಒಂದು ಯೂನಿಟ್ ಎರಡಾಗಿ, ಎರಡು ಮೂರಾದರೂ ಸಕ್ಕರೆ ಇಳಿಯಲಿಲ್ಲ. ಹಲ್ಲು ಕೀಳಬೇಕಾದರೆ ಅರಿವಳಿಕೆ ಕೊಡಬೇಕು, ಅದು ಮೂತ್ರಪಿಂಡಕ್ಕೆ ಅಪಾಯ. ಕೊನೆಗೆ, ಕೆಲವು ದಿನ ಚರ್ಮದಡಿಯಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವವನ್ನು ಹಾಯಿಸಿ ದೇಹದ ನೀರಿನ ಕೊರತೆಯನ್ನು ತುಂಬಿಸಿದ ಮೇಲೆ, ಆಗಸ್ಟ್ ತಿಂಗಳಲ್ಲಿ ಹಲ್ಲು ಕಿತ್ತರು. ಮೂರು ವಾರದಲ್ಲಿ ಎರಡು ಯೂನಿಟ್ಟೇ ಸಾಕಾಯಿತು.

ಈಗ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ಗಣಿತದಲ್ಲಿ ಉದಾಸೀನವುಳ್ಳವರು ಇದನ್ನು ಎರಡು ಸಲ ಓದಿರಿ.

ನಮ್ಮ ದೇಶದಲ್ಲಿ ಇನ್‌ಸುಲಿನ್ ಎರಡು ಬಗೆಯ ಸಾಂದ್ರತೆಯಲ್ಲಿ ದೊರೆಯುತ್ತದೆ. ಒಂದು ಬಗೆಯ ಸೀಸೆಯಲ್ಲಿ ಮಿಲಿಲೀಟರಿಗೆ ೪೦ ಯೂನಿಟ್, ಇನ್ನೊಂದರಲ್ಲಿ ೧೦೦. ಎರಡಕ್ಕೂ ಬೇರೆ ಬೇರೆ ಸಿರಿಂಜುಗಳು. ೪೦ರದಕ್ಕೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಕೆಂಚನ ಗ್ಲಾರ್ಜಿನ್ ೧೦೦ರದು. ಅಕ್ಟೋಬರಿನ ಒಂದು ರಾತ್ರಿ ಸಿರಿಂಜು ಮುಗಿದಿತ್ತು. ಪಕ್ಕದ ಮನೆಯ ಪಾಟಿಗೂ ಮಧುಮೇಹ; ಅವರಿಂದ ಒಂದು ಸಿರಿಂಜನ್ನು ಕೇಳಿ ತಂದೆನು. ಕೆಂಪು ಮುಚ್ಚಳವನ್ನು ಕಂಡೂ ಕಾಣದವನಂತೆ, ಎರಡನೆಯ ಗೆರೆಯವರೆಗೆ ಎಳೆದು ಚುಚ್ಚಿದೆನು.

ಲೆಕ್ಕ ಹಾಕಿರಿ. ಕೆಂಪು ಸಿರಿಂಜಿನ ಎರಡು ಗೆರೆ ಎಂದರೆ ಒಂದು ಮಿಲಿಲೀಟರಿನ ನಲವತ್ತರಲ್ಲಿ ಎರಡು ಪಾಲು, ಅಂದರೆ ೦.೦೫ ಮಿಲಿಲೀಟರು. ಮಿಲಿಲೀಟರಿಗೆ ೧೦೦ ಯೂನಿಟ್ ಇರುವಾಗ ೦.೦೫ರಲ್ಲಿ ಐದು ಯೂನಿಟ್. ಎರಡು ಕೊಡಬೇಕಾದಲ್ಲಿ ಐದು! ಅದರ ಮೇಲೆ, ದೇಹದ ಇನ್‌ಸುಲಿನ್ನಿನ ಒಂದು ಭಾಗವನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅವನದು ಕೆಟ್ಟಿತ್ತಾದುದರಿಂದ ಮದ್ದು ಇನ್ನೂ ಹೆಚ್ಚು ಹೊತ್ತು ನಿಲ್ಲುವ ಸಂಭವವಿತ್ತು.

ನಡುರಾತ್ರಿ ಒಂದು ಗಂಟೆಗೆ ಏನೋ ಬಿದ್ದ ಸಪ್ಪಳವಾಯಿತು. ಕೆಂಚ ಎದ್ದು ನಿಲ್ಲಲಾರದೆ ವಾಲುತ್ತಿದ್ದನು; ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಕಿವಿಯ ಅಂಚನ್ನು ಚುಚ್ಚಿ ಒಂದು ಹನಿ ರಕ್ತವನ್ನು ಅಳೆದರೆ ೩೮. (ಮನುಷ್ಯರ ಅಳತೆಯಂತ್ರ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಡಿಮೆ ತೋರಿಸುವುದುಂಟು. ಆದರೂ ೩೮ ಅಪಾಯವೇ.) ಸಕ್ಕರೆಯನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿ, ಬೆರಳಿನಿಂದ ಒಸಡಿಗೆ ಸವರಿದೆನು. ಬಾಯಿಗೆ ಸುರಿಯಬಾರದು, ನುಂಗಲಾರದ ಪ್ರಾಣಿಯ ಶ್ವಾಸಕೋಶಕ್ಕೆ ಅದು ಇಳಿದೀತು. ಹತ್ತು ನಿಮಿಷಕ್ಕೆ ತಲೆ ಎತ್ತಿದನು, ಅರ್ಧ ಗಂಟೆಗೆ ತಟ್ಟೆಯ ಬಳಿಗೆ ಬಂದನು. ಬೆಳಗಿನವರೆಗೆ ಗಂಟೆಗೊಮ್ಮೆ ಅಳೆಯುತ್ತ, ಸವರುತ್ತ, ತಿನ್ನಿಸುತ್ತ ಕುಳಿತಿದ್ದು, ಬೆಳಕಾಗುತ್ತಲೇ ವೇಪೇರಿಗೆ ಓಡಿದೆನು. ಸಂಜೆಯವರೆಗೆ ಅಲ್ಲಿಟ್ಟುಕೊಂಡು ನೋಡಿದರು, ಬದುಕಿದನು. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇನ್‌ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಇಂದೇ ಸೀಸೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಹೋಲಿಸಿ ನೋಡಿರಿ. ಚುಚ್ಚುವ ಕೆಲಸ ಹಿರಿಯರದು, ಓದುವ ಕೆಲಸವನ್ನು ನೀವು ಮಾಡಬಹುದು.

ಆ ರಾತ್ರಿಯ ತರುವಾಯ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ಇಟ್ಟೆನು. ದಿನಾಂಕ, ಗಂಟೆ, ಸಕ್ಕರೆ, ಕೊಟ್ಟ ಯೂನಿಟ್, ಸಿರಿಂಜಿನ ಮುಚ್ಚಳದ ಬಣ್ಣ, ತಿಂದದ್ದೆಷ್ಟು, ಕುಡಿದ ನೀರೆಷ್ಟು, ವಾರಕ್ಕೊಮ್ಮೆ ತೂಕ. ನೀರನ್ನು ಅಳೆಯುವ ಉಪಾಯವನ್ನು ಎಂಟನೆಯ ತರಗತಿಯವರು ಕಂಡುಹಿಡಿದರು: ಒಂದೇ ಬಗೆಯ ಎರಡು ಬಟ್ಟಲುಗಳಲ್ಲಿ ಸಮನಾಗಿ ನೀರಿಟ್ಟು, ಒಂದನ್ನು ಬೆಕ್ಕಿಗೆ ಎಟುಕದ ಕಡೆ ಇರಿಸುವುದು, ಅದರಲ್ಲಿ ಇಂಗಿದ ನೀರನ್ನು ಇನ್ನೊಂದರ ಲೆಕ್ಕದಿಂದ ಕಳೆಯುವುದು. ಚೆನ್ನೈಯ ಬಿಸಿಲಿನಲ್ಲಿ ಇದು ಅಲಕ್ಷಿಸುವಂಥ ಮೊತ್ತವಲ್ಲ. ತಿನ್ನದೆ ಮುಖ ತಿರುಗಿಸಿದ ದಿನ ಪೂರ್ತಿ ಮದ್ದು ಕೊಡದೆ ಮೊದಲು ವೈದ್ಯರನ್ನು ಫೋನಿನಲ್ಲಿ ಕೇಳುತ್ತಿದ್ದೆನು.

೨೦೨೩ರ ಡಿಸೆಂಬರ್ ೪ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಊರು ಮುಳುಗಿದ್ದು ನಿಮಗೆಲ್ಲ ನೆನಪಿರಬಹುದು. ವಿದ್ಯುತ್ತಿಲ್ಲ, ಫ್ರಿಜ್ಜಿಲ್ಲ. ತೆರೆದ ಇನ್‌ಸುಲಿನ್ ಸೀಸೆಯನ್ನು ೩೦ ಡಿಗ್ರಿ ಮೀರದ ಕಡೆಯಲ್ಲಿ ೨೮ ದಿನ ಇಡಬಹುದೆಂದು ಓದಿದ್ದೆನಾದ್ದರಿಂದ ಒದ್ದೆಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಡಬ್ಬಿಯಲ್ಲಿಟ್ಟು ಕಾಪಾಡಿದೆನು. ಪಾಟಿಯ ಸೀಸೆಯೂ ಅದೇ ಮಡಕೆಯಲ್ಲಿತ್ತು, ಈ ಸಲ ಕೆಂಪು ದಾರ ಕಟ್ಟಿ.

ಕೆಂಚನು ಇನ್ನೂ ಒಂದು ವರ್ಷಕ್ಕೆ ಮೇಲ್ಪಟ್ಟು ಬದುಕಿದನು. ಹಿಂಗಾಲುಗಳು ಬಲಗೊಂಡು ತಾರಸಿಯ ಗೋಡೆಗೆ ನೆಗೆಯುವಷ್ಟಾದನು. ಅವನನ್ನು ಕೊನೆಗೆ ಸೋಲಿಸಿದ್ದು ಸಕ್ಕರೆಯಲ್ಲ, ಮೂತ್ರಪಿಂಡ. ೨೦೨೫ರ ಆರಂಭದಲ್ಲಿ ಕ್ರಿಯಾಟಿನಿನ್ ಏರುತ್ತ ಹೋಯಿತು. ದಿನವೂ ದ್ರವ ಕೊಟ್ಟರೂ ತಟ್ಟೆಯನ್ನು ಮೂಸಿ ಹಿಂದಿರುಗುತ್ತಿದ್ದನು. ವೈದ್ಯರು ಮೂರು ಪ್ರಶ್ನೆಗಳನ್ನು ದಿನವೂ ಬರೆಯುವಂತೆ ಹೇಳಿದರು: ತಾನಾಗಿ ತಿಂದನೇ? ಮೈ ನೆಕ್ಕಿಕೊಂಡನೇ? ಬಾಗಿಲಿಗೆ ಬಂದನೇ? ಮೂರಕ್ಕೂ "ಇಲ್ಲ" ಎಂದು ಬರೆದ ದಿನಗಳು ಒಂದರ ಹಿಂದೊಂದು ನಾಲ್ಕು ಬಂದವು. ಐದನೆಯ ದಿನ ಬೆಳಗಿನ ಜಾವ, ಸೂಜಿಯ ವೇಳೆಗೆ ಮುಂಚೆಯೇ, ಅವನು ತೀರಿಕೊಂಡನು.

ಉಪಯೋಗಿಸಿದ ಸೂಜಿಗಳನ್ನು ಕಸಕ್ಕೆ ಹಾಕದೆ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟಿದ್ದೆನು. ಅವನ್ನು ಆಸ್ಪತ್ರೆಗೆ ಒಪ್ಪಿಸಿ ಬಂದೆನು. ಉಳಿದ ಪರೀಕ್ಷಾ ಪಟ್ಟಿಗಳನ್ನು ಪಾಟಿ ತೆಗೆದುಕೊಂಡರು. ನೋಟುಪುಸ್ತಕವು ನಮ್ಮ ವಿಜ್ಞಾನದ ಬೀರುವಿನ ಮೇಲಿನ ಅರೆಯಲ್ಲಿದೆ. ಸಕ್ಕರೆಯ ಏರಿಳಿತದ ನಕ್ಷೆಯನ್ನು ಹತ್ತನೆಯ ತರಗತಿಯವರು ಮಾರ್ಚಿ ತಿಂಗಳವರೆಗೆ ಬರೆದು ನಿಲ್ಲಿಸಿದ್ದಾರೆ. ಮುಂದುವರಿಸಲು ಇಷ್ಟವುಳ್ಳವರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೇಳಿದರೆ ಕೊಡುತ್ತೇನೆ.