269 ಕೆಲಸಗಳಿಗೆ ವಾರಸುದಾರರು ಬೇಕು

ಮಕ್ಕಳೇ, ನಮ್ಮ ಬೆಂಗಳೂರು 2050ರೊಳಗೆ ಇಂಗಾಲ ತಟಸ್ಥ ಆಗುತ್ತೇನೆಂದು ಮಾತು ಕೊಟ್ಟಿದೆ. ಹೊರಬಿಡುವ ಹೊಗೆ, ಅನಿಲವನ್ನು ಆದಷ್ಟು ಇಳಿಸಿ, ಉಳಿದದ್ದನ್ನು ಹೀರಿಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳುವುದು ಎಂದು ಅದರ ಅರ್ಥ. 2023ರ ನವೆಂಬರ್ 27ರಂದು ಆಗಿನ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತು. ವಿದ್ಯುತ್ತು, ಕಟ್ಟಡ, ಸಾರಿಗೆ, ಕಸ, ನೀರು, ಮರಗಿಡ ಮುಂತಾದ ಏಳು ವಲಯಗಳಲ್ಲಿ 269 ಕೆಲಸಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಇವತ್ತು ಜಯನಗರದ ಕಾಲೇಜುಗಳಲ್ಲಿ ಓದುತ್ತಿರುವ, ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿದ್ದು ಮೊದಲ ಸಂಬಳ ನೋಡುತ್ತಿರುವ ನಿಮಗೆ 2050ರಲ್ಲಿ ನಲವತ್ತು ದಾಟಿರುತ್ತದೆ. ನನ್ನ ವಯಸ್ಸಿನವರು ಆಗ ಇರುವುದಿಲ್ಲ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ: ಯೋಜನೆ ಒಳ್ಳೆಯದೇ, ಆದರೆ ಅದಕ್ಕೆ ವಾರಸುದಾರರಿಲ್ಲ.

ಸುಮ್ಮನೆ ಹೇಳುತ್ತಿಲ್ಲ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಯೋಜನೆ ಬಂದಾಗ ಅದರ ಮೇಲೆ ಚರ್ಚೆ ಮಾಡಲು, ನಮ್ಮ ವಾರ್ಡಿಗೆ ಇದರಲ್ಲಿ ಏನಿದೆ ಎಂದು ಎದ್ದು ಕೇಳಲು ಊರಿನಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಮುಂದೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದವು. ಬೋರ್ಡು ಬದಲಾಗುವಾಗ ಹಳೆಯ ಫೈಲುಗಳ ಗತಿ ಏನಾಗುತ್ತದೆ ಎಂಬುದು ಸರ್ಕಾರಿ ಕಚೇರಿ ಕಂಡವರಿಗೆಲ್ಲ ಗೊತ್ತು.

ಕಾಯುವವರಿಲ್ಲದ ಯೋಜನೆಯ ಪಾಡು ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. 2012ರ ಸುಮಾರಿಗೆ ಜಯನಗರದ ರಸ್ತೆಗಳಲ್ಲಿ ಸೈಕಲ್ ಪಥ ಮಾಡಿದರು. ಅಗಲವಾದ ರಸ್ತೆ, ಮೇಲೆ ಮರಗಳ ನೆರಳು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಬಡಾವಣೆ ಈ ಊರಿನಲ್ಲಿ ಇನ್ನೊಂದಿಲ್ಲ. ಆ ಪಥದ ಮೇಲೆ ಕಾರುಗಳು ಬಂದು ನಿಂತವು. ಯಾರೂ ಗಟ್ಟಿಯಾಗಿ ಕೇಳಲಿಲ್ಲ; ಪಥ ಪಾರ್ಕಿಂಗ್ ಆಗಿ ಉಳಿಯಿತು. ಅದೇ ಕಾಲದ ಇನ್ನೊಂದು ಕಥೆ ಕೇಳಿ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಬತ್ತಿ ಹೋಗುತ್ತಿತ್ತು. ಸುತ್ತಲಿನ ಮನೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡರು, ಪಾಲಿಕೆಯ ಬೆನ್ನು ಹತ್ತಿದರು, ಕೆರೆಯ ನಿರ್ವಹಣೆಯನ್ನು ತಾವೇ ವಹಿಸಿಕೊಂಡರು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸಂಸ್ಕರಿಸಿದ ನೀರು ಕೆರೆಗೆ ಹರಿಯುವ ಏರ್ಪಾಡೂ ಆಯಿತು. ಇವತ್ತು ಅಲ್ಲಿ ಹಕ್ಕಿಗಳಿವೆ. ಎರಡೂ ಕಡೆ ಇದ್ದದ್ದು ಒಂದೇ ಪಾಲಿಕೆ. ಕೆರೆಗೆ ಮಾತ್ರ ಹೇಳುವವರು ಕೇಳುವವರು ಇದ್ದರು.

ಇಂಗಾಲ ಎಂದರೆ ನಿಮ್ಮ ಕಣ್ಣ ಮುಂದೆ ಬರುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ. ಅದು ಇದೆ, ಸುಳ್ಳಲ್ಲ. ಆದರೆ ನಿಮ್ಮ ಸ್ನಾನದ ನೀರನ್ನು ಒಮ್ಮೆ ಯೋಚಿಸಿ. ಅದು ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ. ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ಕನಕಪುರ ರಸ್ತೆಯ ತಾತಗುಣಿಯಲ್ಲಿ ಇನ್ನೊಮ್ಮೆ ಪಂಪ್ ಮಾಡಿ, ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿಯನ್ನು ಹತ್ತಿಸುತ್ತಾರೆ. ಪಿಯುಸಿಯಲ್ಲಿ ಕಲಿತ ಸೂತ್ರ ಹಾಕಿ ನೋಡಿ: ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಕನಿಷ್ಠ 1.4 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ ಸೇರಿದರೆ ಎರಡರ ಹತ್ತಿರ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ನೀರಿನ ಯೋಜನೆಯ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ತರಲು ಕಟ್ಟಿದ್ದು. ಪೂರ್ತಿ ಹರಿದರೆ ದಿನಕ್ಕೆ ಹತ್ತು ಲಕ್ಷ ಯೂನಿಟ್ ಮೀರುತ್ತದೆ. ಆ ವಿದ್ಯುತ್ತಿನಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು ಇರುವಂತೆ ರಾಯಚೂರು, ಬಳ್ಳಾರಿಯಲ್ಲಿ ಸುಟ್ಟ ಕಲ್ಲಿದ್ದಲೂ ಇದೆ. ಹೀಗಿರುವಾಗ ಮನೆಯ ಮುಂದೆ ಪೈಪ್ ಹಿಡಿದು ಕಾರು ತೊಳೆಯುವುದು ನನ್ನ ಲೆಕ್ಕದಲ್ಲಿ ತಪ್ಪು. ಮಹಡಿಯ ಟ್ಯಾಂಕ್ ತುಂಬಿ ನೀರು ರಸ್ತೆಗೆ ಹರಿಯುವಾಗ ಮೋಟರ್ ಆರಿಸದೆ ಕೂರುವುದೂ ತಪ್ಪು. ಮಳೆನೀರು ಕೊಯ್ಲು, ಮನೆಯಲ್ಲೇ ನೀರಿನ ಮರುಬಳಕೆ ಎಂದ ಕೂಡಲೇ ಬೇಸಿಗೆಗೆ ಮಾತ್ರ ಸಂಬಂಧಪಟ್ಟ ಮಾತು ಎಂದುಕೊಳ್ಳಬೇಡಿ. ಹಂಚಿನ ಮೇಲೆ ಬಿದ್ದ ಮಳೆಯನ್ನು ಯಾರೂ ಐನೂರು ಮೀಟರ್ ಹತ್ತಿಸಬೇಕಾಗಿಲ್ಲ.

ಕಸದ ವಿಷಯದಲ್ಲಿ ನನಗೆ ನೋವಿದೆ. ನಮ್ಮ ಬಡಾವಣೆಗಳು ಚೊಕ್ಕವಾಗಿರಲೆಂದು ಊರಿನ ಕಸವನ್ನು ಮಾವಳ್ಳಿಪುರಕ್ಕೆ, ಮಂಡೂರಿಗೆ ಸಾಗಿಸಿದೆವು. ಅಲ್ಲಿನ ಜನ ನಾತ, ನೊಣ, ಕೆಟ್ಟ ನೀರು ಅನುಭವಿಸಿ ಬೀದಿಗಿಳಿದ ಮೇಲೆಯೇ, 2014ರ ಕೊನೆಯಲ್ಲಿ, ಮಂಡೂರಿಗೆ ಲಾರಿ ನಿಂತಿತು. ಗುಡ್ಡೆ ಬಿದ್ದ ಹಸಿ ಕಸ ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. ಅದೇ ಕಸ ಮನೆಯಲ್ಲೋ ಪಾರ್ಕಿನ ಮೂಲೆಯಲ್ಲೋ ಗೊಬ್ಬರವಾದರೆ ಆ ಅನಿಲವೂ ಇಲ್ಲ, ಲಾರಿಯ ಡೀಸೆಲ್ಲೂ ಇಲ್ಲ. ಪಿಜಿಯಲ್ಲಿರುವವರೇ, ನಿಮ್ಮ ಓನರ್ ಊಟದ ಎಲ್ಲ ಉಳಿಕೆಯನ್ನೂ ಪ್ಲಾಸ್ಟಿಕ್ಕಿನ ಜೊತೆ ಒಂದೇ ಕವರಿಗೆ ತುಂಬುತ್ತಿದ್ದರೆ ಸುಮ್ಮನಿರಬೇಡಿ. ಬಾಡಿಗೆ ಕೊಡುವವರು ನೀವು, ಕೇಳುವ ಹಕ್ಕಿದೆ. ಆ ಕವರನ್ನು ಕೈಯಲ್ಲಿ ಬಿಡಿಸುವವರು ಪೌರಕಾರ್ಮಿಕರು.

ಸಾರಿಗೆಯ ಬಗ್ಗೆ ಹೆಚ್ಚು ಹೇಳಲಾರೆ. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಬಂತು. ರಾಗಿಗುಡ್ಡ, ಬಿಟಿಎಂ ಲೇಔಟ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ರೈಲಿನಲ್ಲೇ ಹೋಗಬಹುದು. ಮನೆಯಿಂದ ಸ್ಟೇಷನ್‌ವರೆಗಿನ ಫುಟ್‌ಪಾತ್ ನಡೆಯುವಂತಿದ್ದರೆ ಅರ್ಧ ಜನ ಸ್ಕೂಟರ್ ತೆಗೆಯುವುದಿಲ್ಲ. ಕೇಳಬೇಕಾದದ್ದು ಆ ಫುಟ್‌ಪಾತನ್ನು.

ನೀವು ಆಗಲೇ ಬಟ್ಟೆ ಚೀಲ ಹಿಡಿಯುತ್ತೀರಿ, ಸ್ಟೀಲ್ ಬಾಟಲಿ ಇಟ್ಟುಕೊಂಡಿದ್ದೀರಿ. ಸಂತೋಷ. ಅಲ್ಲಿಗೇ ನಿಲ್ಲಬೇಡಿ. ಪಂಪು, ಬಸ್ಸು, ಕಸದ ಘಟಕ ಇವೆಲ್ಲ ಒಬ್ಬೊಬ್ಬರ ಮನೆಯ ಶಿಸ್ತಿನಿಂದ ಬದಲಾಗುವುದಿಲ್ಲ. ಸಾರ್ವಜನಿಕ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದರಿಂದ ಬದಲಾಗುತ್ತವೆ. ನಾಲ್ಕೈದು ಜನ ಸೇರಿ ಯೋಜನೆಯನ್ನು ಓದಿ. ನಿಮ್ಮ ಬೀದಿಗೆ ತಟ್ಟುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ವಾರ್ಡಿನ ಇಂಜಿನಿಯರ್ ಯಾರು, ಅದಕ್ಕೆ ಎಷ್ಟು ಹಣ ಇಟ್ಟಿದ್ದಾರೆ, ಯಾವಾಗ ಮುಗಿಯಬೇಕು ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮರ್ಯಾದೆಯಿಂದ ಮಾತಾಡಿ, ಆದರೆ ಬಿಡಬೇಡಿ. ಪರೀಕ್ಷೆ ಬಂತು, ಕೆಲಸ ಬದಲಾಯಿತು ಎಂದಾಗ ಫೈಲನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗಿ. ಬೇರೆ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದವರೇ, ಮತದಾರರ ಪಟ್ಟಿಗೆ ಇಲ್ಲಿಯ ವಿಳಾಸದಲ್ಲಿ ಹೆಸರು ಸೇರಿಸಿಕೊಳ್ಳಿ. ಪಾಲಿಕೆ ಚುನಾವಣೆಗೆ ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಈ 269ರಲ್ಲಿ ನಮ್ಮ ವಾರ್ಡಿನಲ್ಲಿ ಯಾವುದನ್ನು ಮಾಡಿಸುತ್ತೀರಿ ಎಂದು ಕೇಳಿ.