ಭಾಷಾಂತರ ಸಾಧನಗಳಿಗೆ ಒಳದಾರಿ

ಇಂಗ್ಲಿಷ್ ಪುಸ್ತಕದಲ್ಲಿ ಕಠಿನವಾದ ವಾಕ್ಯವೊಂದು ಎದುರಾದಾಗ ವಿದ್ಯಾರ್ಥಿಗಳು ಅದನ್ನು ಭಾಷಾಂತರ ಯಂತ್ರಕ್ಕೆ ಒಪ್ಪಿಸಿ, ಅದು ಕೊಟ್ಟ ಕನ್ನಡವನ್ನೇ ಪ್ರಮಾಣವೆಂದು ಭಾವಿಸುವುದುಂಟು. ಮತ್ತೊಂದು ಸಾಧನವನ್ನೂ ಕೇಳಿ ನೋಡುವುದು ಲೇಸೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪ್ರತಿ ಸಲವೂ ಬೇರೊಂದು ತಾಣವನ್ನು ಹುಡುಕಿ, ಭಾಷೆಗಳನ್ನು ಆರಿಸಿ, ವಾಕ್ಯವನ್ನು ಮತ್ತೆ ಬರೆಯಬೇಕಾದ ಬೇಸರದಿಂದ ಆ ಕೆಲಸವನ್ನು ಬಿಟ್ಟುಬಿಡುತ್ತೇವೆ. ಈ ಶ್ರಮವನ್ನು ತಪ್ಪಿಸುವ ಒಳದಾರಿಯೊಂದು ಗಣಕಯಂತ್ರದ ಬ್ರೌಸರಿನಲ್ಲಿಯೇ ಇದೆ.

ಎರಡು ಸಾಧನಗಳು ಏಕೆ ಬೇಕೆಂಬುದನ್ನು ಮೊದಲು ನೋಡೋಣ. ಇಂಗ್ಲಿಷಿನ 'ಪವರ್' ಎಂಬ ಪದಕ್ಕೆ ರಾಜಕೀಯದಲ್ಲಿ ಅಧಿಕಾರವೆಂದೂ, ಗಣಿತದಲ್ಲಿ ಘಾತವೆಂದೂ, ಭೌತವಿಜ್ಞಾನದಲ್ಲಿ ಸಾಮರ್ಥ್ಯವೆಂದೂ ಅರ್ಥ. ಆಡುಮಾತಿನಲ್ಲಾದರೋ ಅದನ್ನು ಶಕ್ತಿ ಎಂದುಬಿಡುತ್ತೇವೆ. ಆದರೆ ಭೌತವಿಜ್ಞಾನದಲ್ಲಿ ಶಕ್ತಿಯೆಂಬುದು 'ಎನರ್ಜಿ'ಗೆ ಮೀಸಲಾದ ಪದ. ಅದರ ಮಾನ ಜೂಲ್. ಸಾಮರ್ಥ್ಯದ ಮಾನ ವಾಟ್, ಎಂದರೆ ಸೆಕೆಂಡಿಗೆ ಒಂದು ಜೂಲ್. 'ಪವರ್' ಇರುವೆಡೆ ಯಂತ್ರವು ಶಕ್ತಿಯೆಂದು ಬರೆದರೂ ವಾಕ್ಯವು ಸರಾಗವಾಗಿಯೇ ಇರುತ್ತದೆ. ಲೆಕ್ಕ ಮಾತ್ರ ತಪ್ಪುತ್ತದೆ. ಇಂದಿನ ಸಾಧನಗಳು ಮನುಷ್ಯರು ಮಾಡಿದ ಅಸಂಖ್ಯ ಭಾಷಾಂತರಗಳಿಂದ ಕಲಿತು, ನೆರೆಯ ಪದಗಳನ್ನು ನೋಡಿ, ಹೆಚ್ಚು ಸಂಭವನೀಯವಾದ ಪದವನ್ನು ಆರಿಸುತ್ತವೆ. ಒಂದೊಂದು ಸಾಧನ ಕಲಿತ ಸಾಮಗ್ರಿಯೂ ಬೇರೆಯಾದುದರಿಂದ ಅವುಗಳ ತಪ್ಪುಗಳೂ ಹಲವು ವೇಳೆ ಬೇರೆಯಾಗಿರುತ್ತವೆ. ಗೂಗಲ್ ಸಾಧನಕ್ಕೆ ಕನ್ನಡವು 2011ರಲ್ಲಿಯೂ, ಮೈಕ್ರೋಸಾಫ್ಟಿನ ಬಿಂಗ್ ಸಾಧನಕ್ಕೆ 2020ರಲ್ಲಿಯೂ ಸೇರಿತು. ಇವೆರಡನ್ನೂ ಹೋಲಿಸಿ ನೋಡಿದರೆ ಸಂದೇಹದ ಸ್ಥಳವು ತಾನಾಗಿಯೇ ಗೋಚರಿಸುತ್ತದೆ.

ಈಗ ಒಳದಾರಿಯ ತತ್ತ್ವವನ್ನು ತಿಳಿಯೋಣ. ಗೂಗಲ್ ಭಾಷಾಂತರ ತಾಣದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಎಂದು ಆರಿಸಿ 'ಜೀಬ್ರಾ' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಮೇಲಿನ ವಿಳಾಸಪಟ್ಟಿಯನ್ನು ಗಮನಿಸಿರಿ. ಮೂಲಭಾಷೆ, ಗುರಿಭಾಷೆ, ನಾವು ಬರೆದ ಪದ ಈ ಮೂರೂ ಆ ವಿಳಾಸದಲ್ಲಿಯೇ ಅಡಗಿವೆ. ಆದುದರಿಂದ 'ಜೀಬ್ರಾ' ಇದ್ದ ಸ್ಥಳವನ್ನು ತೆರವು ಮಾಡಿಟ್ಟರೆ, ಬೇಕಾದ ವಾಕ್ಯವನ್ನು ಬ್ರೌಸರು ಅಲ್ಲಿ ತುಂಬಬಲ್ಲುದು. ತೆರವಿನ ಗುರುತು ಶೇಕಡ ಚಿಹ್ನೆ ಮತ್ತು ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಸಣ್ಣ 'ಎಸ್' ಅಕ್ಷರ.

ಕ್ರೋಮ್ ಬ್ರೌಸರಿನಲ್ಲಿ 'ಸೆಟ್ಟಿಂಗ್ಸ್' ತೆರೆದು, 'ಸರ್ಚ್ ಎಂಜಿನ್' ವಿಭಾಗದ 'ಸೈಟ್ ಸರ್ಚ್' ಎಂಬಲ್ಲಿ 'ಆಡ್' ಗುಂಡಿಯನ್ನು ಒತ್ತಬೇಕು. ಅಲ್ಲಿ ಕೇಳುವ ಮೂರು ಅಂಶಗಳು ಹೆಸರು, ಒಳದಾರಿಯ ಪದ ಮತ್ತು ತೆರವಿನ ಗುರುತುಳ್ಳ ವಿಳಾಸ. ಒಳದಾರಿಗೆ 'ಜಿಕೆ' ಎಂಬಂಥ ಎರಡು ಇಂಗ್ಲಿಷ್ ಅಕ್ಷರಗಳು ಸಾಕು. ಮುಂದೆ ವಿಳಾಸಪಟ್ಟಿಯಲ್ಲಿ ಆ ಅಕ್ಷರಗಳನ್ನು ಬರೆದು, 'ಟ್ಯಾಬ್' ಕೀಲಿಯನ್ನು ಒತ್ತಿ, ವಾಕ್ಯವನ್ನು ಬರೆದು 'ಎಂಟರ್' ಒತ್ತಿದರೆ ಭಾಷಾಂತರವು ಎದುರಿಗೆ ಬರುತ್ತದೆ. ಫೈರ್‌ಫಾಕ್ಸಿನಲ್ಲಿ ಅದೇ ವಿಳಾಸವನ್ನು ಪುಟಗುರುತಾಗಿ ಉಳಿಸಿ, 'ಕೀವರ್ಡ್' ಎಂಬಲ್ಲಿ ಆ ಎರಡು ಅಕ್ಷರಗಳನ್ನು ಸೇರಿಸಬೇಕು. ಬಿಂಗ್ ಸಾಧನಕ್ಕೂ ಇದೇ ಕ್ರಮ. ಅದರ ವಿಳಾಸದಲ್ಲಿ 'ಫ್ರಮ್', 'ಟು', 'ಟೆಕ್ಸ್ಟ್' ಎಂಬ ಇಂಗ್ಲಿಷ್ ಪದಗಳ ಮುಂದೆ ಸಮಚಿಹ್ನೆಯನ್ನಿಟ್ಟು ಈ ಮೂರು ಅಂಶಗಳನ್ನು ಕೊಡಬೇಕು.

ಮೂರನೆಯ ಸಾಕ್ಷಿಯಾಗಿ ನಿಘಂಟೊಂದನ್ನು ಸೇರಿಸಿಕೊಳ್ಳುವುದು ಉಚಿತ. ವಿ. ಕೃಷ್ಣ ಅವರು ರಚಿಸಿದ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಯಂತ್ರವು ಕೊಟ್ಟ ಕನ್ನಡ ಪದವನ್ನು ಇದರಲ್ಲಿ ಹುಡುಕಿದರೆ, ಅದಕ್ಕಿರುವ ನಾನಾರ್ಥಗಳು ತಿಳಿಯುತ್ತವೆ. ಇಲ್ಲಿ ವಿಳಾಸದೊಳಗೆ ಕನ್ನಡ ಅಕ್ಷರಗಳನ್ನೇ ತುಂಬಬೇಕಾಗುತ್ತದೆ. ವಿಳಾಸವು ಸಾಗುವಾಗ ಅದರಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಹಾಗೂ ಚಿಹ್ನೆಗಳಿಗೆ ಮಾತ್ರ ಎಡೆಯುಂಟು. ಆದುದರಿಂದ 'ಕ' ಎಂಬ ಅಕ್ಷರವನ್ನು ಬ್ರೌಸರು 224, 178, 149 ಎಂಬ ಮೂರು ಸಂಖ್ಯೆಗಳಾಗಿ ಒಡೆದು, ಒಂದೊಂದನ್ನೂ ಶೇಕಡ ಚಿಹ್ನೆಯೊಡನೆ ಮೂರು ಗುರುತುಗಳಲ್ಲಿ ಬರೆಯುತ್ತದೆ. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಘಟಕಗಳಿರುವುದರಿಂದ ಅದು 45 ಗುರುತುಗಳಾಗುತ್ತದೆ. ವಿಳಾಸವನ್ನು ನಕಲು ಮಾಡಿದಾಗ ಶೇಕಡ ಚಿಹ್ನೆಗಳ ಸಾಲು ಕಂಡರೆ ಗಾಬರಿಪಡಬೇಕಾಗಿಲ್ಲ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕು. ವಿಳಾಸದಲ್ಲಿ ತುಂಬಿದ ವಾಕ್ಯವು ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ, ಸಾಧನದ ಒಡೆಯರಿಗೂ ತಲಪುತ್ತದೆ; ಆದುದರಿಂದ ಖಾಸಗಿ ಪತ್ರಗಳನ್ನು ಈ ದಾರಿಯಲ್ಲಿ ಕಳುಹಿಸಕೂಡದು. ಎರಡನೆಯದಾಗಿ, ಎರಡು ಸಾಧನಗಳು ಒಂದೇ ಉತ್ತರವನ್ನು ಕೊಟ್ಟ ಮಾತ್ರಕ್ಕೆ ಅದು ನಿಜವಾಗಬೇಕೆಂದಿಲ್ಲ. ಎರಡೂ ಒಂದೇ ತಪ್ಪನ್ನು ಕಲಿತಿರಬಹುದು. ಆಗ ವಾಕ್ಯದಲ್ಲಿಯ ಮಾನವನ್ನು ನೋಡಬೇಕು. ವಾಟ್ ಎಂದಿದ್ದರೆ ಅದು ಸಾಮರ್ಥ್ಯವೇ ಹೊರತು ಶಕ್ತಿಯಲ್ಲ. ಈ ತೀರ್ಮಾನವನ್ನು ವಿಷಯವನ್ನು ಬಲ್ಲ ಓದುಗನೇ ಮಾಡಬೇಕು. 'ಸೆಲ್', 'ವರ್ಕ್', 'ಚಾರ್ಜ್' ಎಂಬ ಪದಗಳುಳ್ಳ ವಾಕ್ಯಗಳನ್ನು ನಿಮ್ಮ ಪಠ್ಯದಿಂದ ಆರಿಸಿ, ಎರಡು ಒಳದಾರಿಗಳಲ್ಲಿಯೂ ಪರೀಕ್ಷಿಸಿ ನೋಡಿರಿ.